ಹಿಂದಿನ ಬೆಂಚಿಗೆ ಬೋರ್ಡು ಕಾಣುತ್ತಿದೆಯೇ?

(ಪಾಳ್ಯ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಮಧ್ಯಾಹ್ನದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಊಟ ಆದ ಮೇಲಿನ ಗೋಷ್ಠಿ. ನಿದ್ದೆ ಬಂದರೆ ನನ್ನ ತಪ್ಪು, ನಿಮ್ಮದಲ್ಲ. ‘ಕಲಿಕೆಯಲ್ಲಿ ತಂತ್ರಜ್ಞಾನ ಮತ್ತು ಸಮನ್ವಯ ಶಿಕ್ಷಣ’ ಎಂಬ ವಿಷಯ ಕೊಟ್ಟಿದ್ದಾರೆ. ಕೇಳುವುದಕ್ಕೆ ತರಬೇತಿಯ ಹೆಸರಿನ ಹಾಗಿದೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಈ ಎರಡೂ ಒಂದೇ ಪ್ರಶ್ನೆಯಾಗಿ ಕಂಡಿವೆ. ಶಾಲೆಗೆ ಹೊಸದೇನಾದರೂ ಬಂದಾಗ ಅದು ಯಾವ ಮಗುವಿಗೆ ಸಿಗದೆ ಹೋಯಿತು? ಅಷ್ಟನ್ನು ಕೇಳಿಕೊಂಡರೆ ಮಿಕ್ಕಿದ್ದಕ್ಕೆ ದಾರಿ ಸಿಗುತ್ತದೆ. ನಾನು ಅದನ್ನು ಕೇಳಿಕೊಳ್ಳದೆ ಹೋದ ಒಂದು ಸಂದರ್ಭವನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಕಾಲ. ಸರಿಸುಮಾರು ಐವತ್ತು ವರ್ಷದ ಹಿಂದೆ, 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ಅದಕ್ಕೆ ‘ಸೈಟ್’ ಎಂದು ಹೆಸರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ. ನಮ್ಮ ಕಡೆ ಅದೆಲ್ಲ ಗೊತ್ತೇ ಇರಲಿಲ್ಲ. ನಮಗಿದ್ದದ್ದು ರೇಡಿಯೋ, ಭದ್ರಾವತಿ ಆಕಾಶವಾಣಿ. ಅದೂ ಗೌಡರ ಮನೆಯ ಜಗಲಿಯಲ್ಲಿ. ಮಳೆಗಾಲದಲ್ಲಿ ಗುಡುಗು ಶುರುವಾದರೆ ವಾರ್ತೆಗಿಂತ ಗರಗರ ಸದ್ದೇ ಹೆಚ್ಚು.

ಆಗ ನನ್ನ ತರಗತಿಯಲ್ಲಿ ಒಬ್ಬನಿದ್ದ. ಹೆಸರು ಹೇಳುವುದಿಲ್ಲ, ಜೊತೆಯಲ್ಲಿ ಓದಿದವರಿಗೆ ಗೊತ್ತಾಗುತ್ತದೆ. ಪೋಲಿಯೋದಿಂದ ಒಂದು ಕಾಲು ಸೊರಗಿತ್ತು. ಲೆಕ್ಕದಲ್ಲಿ ನಮಗಿಂತ ಮುಂದೆ. ಹಳ್ಳದ ಆಚೆ ಮನೆ. ಜೂನ್‌ನಿಂದ ಹಳ್ಳ ತುಂಬಿದರೆ ನಾವು ಸಂಕದ ಮೇಲೆ ನಡೆದು ಬರುತ್ತಿದ್ದೆವು, ಅವನಿಗೆ ಆಗುತ್ತಿರಲಿಲ್ಲ. ಎಂಟನೇ ತರಗತಿಯ ಮಳೆಗಾಲವನ್ನು ಹೇಗೋ ದಾಟಿದ. ಒಂಬತ್ತನೆಯದರಲ್ಲಿ ಹಾಜರಿ ಪುಸ್ತಕದಿಂದ ಅವನ ಹೆಸರು ಹೋಯಿತು. ಯಾರಿಗೂ ಅದು ದೊಡ್ಡ ಸಂಗತಿ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಉಪಗ್ರಹವಲ್ಲ. ಮಳೆಯ ಮೂರು ತಿಂಗಳು ಶಾಲೆಯ ಹತ್ತಿರದ ಯಾವುದಾದರೂ ಮನೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ.

ಆಮೇಲೆ ಸರ್ಕಾರದ ಕಡೆಯಿಂದ ಬಹಳ ಬಂತು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು ಕಟ್ಟಿದ ‘ನಲಿ ಕಲಿ’ ಬಂತು. ‘ಕೇಳಿ ಕಲಿ’ ಎಂದು ಆಕಾಶವಾಣಿಯ ಪಾಠ ಬಂತು. 2004ರಲ್ಲಿ ಇಸ್ರೋದವರು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಹೋಯಿತು. ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿ, ಆಮೇಲೆ ಶಿಕ್ಷಕರಿಗೆ ಲ್ಯಾಪ್‌ಟಾಪ್ ತರಬೇತಿ, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್. ಇವುಗಳ ಬಗ್ಗೆ ನನಗೆ ದೂರಿಲ್ಲ, ಉಪಯೋಗ ಮಾಡಿಕೊಂಡವನು ನಾನು. ಆದರೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಯು.ಪಿ.ಎಸ್. ಬ್ಯಾಟರಿ ಸತ್ತು ಹತ್ತು ಕಂಪ್ಯೂಟರುಗಳು ಎರಡು ವರ್ಷ ಬಟ್ಟೆ ಹೊದ್ದುಕೊಂಡು ಕೂತಿದ್ದವು. ಬೀಗದ ಕೈ ನನ್ನ ಹತ್ತಿರವೇ ಇತ್ತು. ಮಳೆ ಗಾಳಿಗೆ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದ ಸೀಮೆ ನಮ್ಮದು. ಇಲ್ಲಿ ಯಂತ್ರ ತರುವುದಕ್ಕಿಂತ ಬ್ಯಾಟರಿ ಬದಲಾಯಿಸುವುದೇ ದೊಡ್ಡ ಕೆಲಸ.

ಕೊರೊನಾ ಬಂದಾಗ ಇದೆಲ್ಲ ಬಯಲಿಗೆ ಬಂತು. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರುವಾಯಿತು, ಆಗಸ್ಟಿನಲ್ಲಿ ‘ವಿದ್ಯಾಗಮ’. ಮಕ್ಕಳ ಪಟ್ಟಿ ಮಾಡಿ ಎಂದರು: ಇಂಟರ್‌ನೆಟ್ ಇರುವ ಫೋನ್ ಉಳ್ಳವರು, ಬರೀ ಮಾತಾಡುವ ಫೋನ್ ಉಳ್ಳವರು, ಏನೂ ಇಲ್ಲದವರು. ಆ ಪಟ್ಟಿ ಹಿಡಿದು ನಾನು ಎಸ್ಟೇಟಿನ ಲೈನ್ ಮನೆಗಳಿಗೆ ಹೋದೆ. ಮೂವತ್ತು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಅದೇ ಇರಬೇಕು. ಮೊದಲ ಗುಂಪಿನವರಲ್ಲೂ ಎಷ್ಟೋ ಮನೆಯಲ್ಲಿ ಫೋನ್ ಇರುವುದು ಅಪ್ಪನ ಜೇಬಿನಲ್ಲಿ, ಅಪ್ಪ ಸಂಜೆ ಆರಕ್ಕೆ ಬರುವುದು. ಬಂದ ಮೇಲೆ ಫೋನ್ ಅಣ್ಣನಿಗೆ, ತಂಗಿಗೆ ಪಾಳಿ ಬರುವಷ್ಟರಲ್ಲಿ ಚಾರ್ಜ್ ಮುಗಿದಿರುತ್ತದೆ. ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು. ಗುಡ್ಡದಲ್ಲಿ ಆನೆ.

ನಗಬೇಡಿ, ಆನೆಯ ಮಾತು ಹಾಜರಿಯ ಮಾತೇ. ಬೇರೆ ಜಿಲ್ಲೆಯವರಿಗೆ ಇದನ್ನು ಹೇಳಿದರೆ ಕಥೆ ಎನ್ನುತ್ತಾರೆ. ಆಲೂರು, ಸಕಲೇಶಪುರದ ಕಡೆ ಬೆಳಿಗ್ಗೆ ಆನೆ ಎಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶ ನೋಡಿಯೇ ಮಕ್ಕಳನ್ನು ಮನೆಯಿಂದ ಕಳಿಸುವುದು. ನನ್ನನ್ನು ಕೇಳಿದರೆ ನಮ್ಮ ಮಕ್ಕಳ ಕಲಿಕೆಗೆ ಸಹಾಯ ಮಾಡಿದ ತಂತ್ರಜ್ಞಾನದಲ್ಲಿ ಆ ಎರಡು ಸಾಲಿನ ಸಂದೇಶಕ್ಕೆ ಮೊದಲ ಜಾಗ. ಹತ್ತನೇ ತರಗತಿಗೆ ಸಂಜೆ ವಿಶೇಷ ತರಗತಿ ಇಡುವಾಗ ನಾವು ನೋಡುವುದು ಬಸ್ಸಿನ ಸಮಯ. ತೋಟದ ದಾರಿಯಲ್ಲಿ ಕತ್ತಲೆಯಲ್ಲಿ ಒಬ್ಬಳೇ ನಡೆಯಬೇಕಾದ ಹುಡುಗಿ ನಮ್ಮ ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಅವಳು ಬರದಿದ್ದರೆ ‘ಆಸಕ್ತಿ ಇಲ್ಲ’ ಎಂದು ಬರೆಯುತ್ತೇವೆ.

ಈಗ ನನ್ನ ತಪ್ಪಿನ ಕಥೆ.

2021ರ ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೇ ತರಗತಿಗಳು ಮತ್ತೆ ತೆರೆದವು. ನಾನು ಆಗ ಬೇರೆ ಊರಿನ ಶಾಲೆಯಲ್ಲಿದ್ದೆ. ಒಂಬತ್ತರಲ್ಲಿ ಒಬ್ಬಳು ಹುಡುಗಿ. ತಂದೆ ತಾಯಿ ಇಬ್ಬರೂ ತೋಟದ ಕೆಲಸ. ಎತ್ತರದ ಹುಡುಗಿ, ಹಾಗಾಗಿ ಹಿಂದಿನ ಬೆಂಚು. ಎತ್ತರ ನೋಡಿ ಕೂರಿಸುವುದು ನಮ್ಮ ಅಭ್ಯಾಸ ತಾನೇ. ಬೋರ್ಡಿನಲ್ಲಿ ಬರೆದದ್ದನ್ನು ಎಲ್ಲರೂ ಮುಗಿಸಿದ ಮೇಲೆ ಪಕ್ಕದವಳ ಪುಸ್ತಕ ನೋಡಿ ಬರೆಯುವಳು. ಓದು ಎಂದರೆ ತಡವರಿಸುವಳು, ಬಾಯಲ್ಲಿ ಪ್ರಶ್ನೆ ಕೇಳಿದರೆ ಮಾತ್ರ ಸರಿಯಾಗಿ ಉತ್ತರ. ಒಂದೂವರೆ ವರ್ಷ ಶಾಲೆ ಇರಲಿಲ್ಲ, ಎಲ್ಲ ಮಕ್ಕಳೂ ಓದು ಮರೆತಿದ್ದರು. ಇವಳೂ ಹಾಗೇ ಎಂದುಕೊಂಡೆ. ದಸರಾ ಕಳೆಯಿತು, ಕ್ರಿಸ್‌ಮಸ್ ಕಳೆಯಿತು. ಒಂದು ದಿನ ಪ್ರೊಜೆಕ್ಟರ್ ಹಚ್ಚಿ ಕಣ್ಣಿನ ರಚನೆ ತೋರಿಸುತ್ತಿದ್ದೆ. ಕಣ್ಣಿನ ಪಾಠವೇ! ಕೋಣೆ ಕತ್ತಲೆ ಮಾಡಿ ಚಿತ್ರ ಗೋಡೆಯ ತುಂಬಾ ಬಿಟ್ಟಾಗ ಆ ಹುಡುಗಿ ಎದ್ದು ಬಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಉಳಿದವರು ನಕ್ಕರು. ‘ಸಾರ್, ಇವತ್ತು ಅಕ್ಷರ ಕಾಣುತ್ತೆ’ ಎಂದಳು.

ಆರು ತಿಂಗಳು ನನ್ನ ಕಣ್ಣೆದುರು ಕೂತ ಮಗುವಿಗೆ ಕಣ್ಣು ಕಾಣುವುದಿಲ್ಲ ಎಂದು ವಿಜ್ಞಾನದ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಅವಳ ಮನೆಯವರಿಗೂ ಪೂರ್ತಿ ಗೊತ್ತಿರಲಿಲ್ಲ. ಆಸ್ಪತ್ರೆಗೆ ಕಳಿಸಿದೆವು. ಕನ್ನಡಕದಿಂದ ಸ್ವಲ್ಪ ಮಟ್ಟಿಗೆ ಮಾತ್ರ ಸುಧಾರಿಸುವಂಥ ತೊಂದರೆ ಎಂದರು. ಮುಂದಿನ ಬೆಂಚಿಗೆ ಕೂರಿಸಿದೆವು. ಪ್ರಶ್ನೆಪತ್ರಿಕೆಯನ್ನು ದೊಡ್ಡ ಹಾಳೆಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದೆವು. ಕೆಲವೇ ರೂಪಾಯಿಯ ಖರ್ಚು. ಅವಳ ಜೀವನದಲ್ಲಿ ಮೊದಲ ಬಾರಿಗೆ ಅವಳಿಗಾಗಿ ಮಾಡಿದ ಹಾಳೆ ಅದು.

ಫೋನ್ ಅಕ್ಷರ ಓದಿ ಹೇಳುತ್ತದೆ ಎಂದು ಯಾರೋ ಹೇಳಿದರು. ಆಂಡ್ರಾಯ್ಡ್ ಫೋನಿನ ಒಳಗೇ ‘ಟಾಕ್‌ಬ್ಯಾಕ್’ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕಂಪ್ಯೂಟರಿಗೂ ‘ಎನ್‌ವಿಡಿಎ’ ಎಂಬುದು ಪುಕ್ಕಟೆ ಸಿಗುತ್ತದೆ. ಉತ್ಸಾಹದಿಂದ ನನ್ನ ಹತ್ತು ವರ್ಷದ ಟಿಪ್ಪಣಿಗಳನ್ನೆಲ್ಲ ಅವಳ ಅಪ್ಪನ ಫೋನಿಗೆ ಹಾಕಿದೆ. ಮರುದಿನ ಬಂದು, ‘ಸಾರ್, ಅದು ಏನೇನೋ ಇಂಗ್ಲಿಷ್ ಅಕ್ಷರ ಹೇಳುತ್ತೆ’ ಎಂದಳು. ಕಾರಣ ತಿಳಿಯಲು ವಾರ ಹಿಡಿಯಿತು. ಇಲ್ಲಿ ಕೂತಿರುವ ಶಿಕ್ಷಕರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ನಾವು ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದಾಗ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು. ಕಣ್ಣಿದ್ದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಓದಿ ಹೇಳುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಮಾತ್ರ ಅದು ಕನ್ನಡ. ಈಗಿನ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ. ಮೊಬೈಲಿನಲ್ಲಿ ಮಾತಾಡಿಯೇ ಕನ್ನಡ ಬರೆಸಬಹುದು, 2017ರಿಂದ ಆ ಸೌಲಭ್ಯ ಇದೆ. ಹತ್ತು ವರ್ಷದ ನನ್ನ ಟಿಪ್ಪಣಿ ಒಬ್ಬ ವಿದ್ಯಾರ್ಥಿನಿಗೆ ಒಂದು ಪುಟವೂ ಉಪಯೋಗಕ್ಕೆ ಬರಲಿಲ್ಲ. ಕಾರಣ ನಾನು ಒತ್ತಿದ ಒಂದು ಗುಂಡಿ.

ಕೊನೆಗೆ ಕೆಲಸ ಸಾಗಿಸಿದವರು ಅವಳ ಗೆಳತಿಯರು. ಸಮಾಜ ವಿಜ್ಞಾನದ ಪಾಠಗಳನ್ನು ಸರದಿಯಂತೆ ಓದಿ ಫೋನಿನಲ್ಲಿ ಧ್ವನಿಮುದ್ರಿಸಿದರು. ಒಬ್ಬಳ ಪಾಠದಲ್ಲಿ ಹಿಂದೆ ಕೋಳಿ ಕೂಗುವುದು, ಇನ್ನೊಬ್ಬಳದರಲ್ಲಿ ಅಜ್ಜಿ ಊಟಕ್ಕೆ ಕರೆಯುವುದು. ಪಕ್ಕಾ ಪಾಠ! ಓದಿದವರ ಅಂಕವೂ ಏರಿತು, ಗಟ್ಟಿಯಾಗಿ ಎರಡು ಸಲ ಓದಿದರೆ ಏರದೆ ಇರುತ್ತದೆಯೇ? ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಧ್ವನಿ ಪುಸ್ತಕದ ಕೆಲಸವನ್ನು ಬಹಳ ಹಿಂದಿನಿಂದ ಮಾಡುತ್ತಿವೆ. ನಮ್ಮ ಹುಡುಗಿಯರಿಗೆ ಅದು ಗೊತ್ತಿರಲಿಲ್ಲ, ತಾವೇ ಕಂಡುಹಿಡಿದೆವು ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಕಾನೂನಿನ ಮಾತು ಒಂದೆರಡು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ; ಹಿಂದಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಎಷ್ಟು ಓದಿಸಿದರೂ ಕಾಗುಣಿತ ನಿಲ್ಲದ ಕಲಿಕಾ ನ್ಯೂನತೆಯೂ ಈಗ ಪಟ್ಟಿಯಲ್ಲಿದೆ. ಅಂದರೆ ನಾವು ‘ದಡ್ಡ’ ಎಂದು ಕರೆದ ಕೆಲವರಾದರೂ ದಡ್ಡರಲ್ಲ. ಪ್ರಮಾಣಪತ್ರ ಇದ್ದರೆ ಹತ್ತನೇ ತರಗತಿ ಪರೀಕ್ಷೆಯಲ್ಲಿ ಬರೆಯುವ ಸಹಾಯಕರು, ಹೆಚ್ಚಿನ ಸಮಯ ಸಿಗುತ್ತದೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆ ಇದೆ, ತಾಲ್ಲೂಕಿನಲ್ಲಿ ಅದಕ್ಕೆ ಸಂಪನ್ಮೂಲ ಶಿಕ್ಷಕರಿದ್ದಾರೆ. ಒಂದು ಕಾಲದಲ್ಲಿ ಇಂಥ ಮಗುವನ್ನು ಓದಿಸಬೇಕೆಂದರೆ ಮೈಸೂರಿನಂಥ ದೂರದ ಊರಿನ ವಿಶೇಷ ಶಾಲೆಗೆ ಬಿಟ್ಟು ಬರಬೇಕಿತ್ತು. ಈಗ ತನ್ನೂರಿನ ಶಾಲೆಯಲ್ಲೇ ಓದುವುದು ಅದರ ಹಕ್ಕು. ಆದರೆ ಪ್ರಮಾಣಪತ್ರ ಮಾಡಿಸಲು ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು, ಆಸ್ಪತ್ರೆಯಲ್ಲಿ ಸಾಲು ನಿಲ್ಲಬೇಕು. ಎರಡನೇ ಸಲ ಬನ್ನಿ ಎಂದರೆ ಇನ್ನೊಂದು ದಿನದ ಕೂಲಿ. ಅಲ್ಲಿ ಯಾರಾದರೂ ಜೊತೆಗೆ ಹೋಗಬೇಕು.

ಆ ಹುಡುಗಿ 2023ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯ ಸಹಾಯದಿಂದ ಪರೀಕ್ಷೆ ಬರೆದು ಪಾಸಾದಳು. ಗಣಿತದಲ್ಲಿ ಅಷ್ಟಕ್ಕಷ್ಟೇ. ರೇಖಾಗಣಿತವನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವ ಅಭ್ಯಾಸವನ್ನು ನಾವು ತಡವಾಗಿ ಶುರುಮಾಡಿದ್ದೆವು.

ಎಲ್ಲ ಕಥೆಯೂ ಇಷ್ಟಾದರೂ ಮುಗಿಯುವುದಿಲ್ಲ. ಈಗ ತೋಟದ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳು ನಿಮ್ಮ ಅಕ್ಕಪಕ್ಕದಲ್ಲೇ ಇವೆ. ಅಂಥ ಮನೆಯ ಹುಡುಗನೊಬ್ಬ ಎಂಟನೇ ತರಗತಿಗೆ ಬಂದ. ಅನುವಾದ ಮಾಡುವ ಆ್ಯಪ್‌ಗೆ 2022ರಲ್ಲಿ ಅಸ್ಸಾಮಿ ಸೇರಿತ್ತು, ಅದನ್ನು ಹಿಡಿದು ಅವನ ತಾಯಿಯ ಹತ್ತಿರ ಮಾತಾಡಿದೆ. ಅವರು ನಕ್ಕರು. ಅವರ ಮನೆಮಾತು ಸಾದ್ರಿ, ಚಹಾ ತೋಟದವರ ಭಾಷೆ. ಫೋನಿಗೆ ಅದು ಗೊತ್ತಿಲ್ಲ. ಕೊನೆಗೆ ಆ ಹುಡುಗನೇ ಹರಕು ಹಿಂದಿ, ಹರಕು ಕನ್ನಡದಲ್ಲಿ ನಮ್ಮಿಬ್ಬರ ನಡುವೆ ದುಭಾಷಿ ಆದ. ನಾಲ್ಕು ತಿಂಗಳಲ್ಲಿ ಕನ್ನಡ ಓದತೊಡಗಿದ್ದ. ಕಾಫಿ ಕುಯ್ಲು ಮುಗಿಯಿತು, ಫೆಬ್ರವರಿಯಲ್ಲಿ ಮನೆಯವರು ಎಲ್ಲಿಗೋ ಹೋದರು. ಅವರು ಕೊಟ್ಟಿದ್ದ ನಂಬರಿಗೆ ಇವತ್ತೂ ಕರೆ ಹೋಗುವುದಿಲ್ಲ. ಅವರು ಹೊರಡುವ ಮೊದಲು ಎಸ್ಟೇಟ್ ರೈಟರ್ ನನಗೊಂದು ಮಾತು ಹೇಳಿದ್ದರೆ ವರ್ಗಾವಣೆ ಪತ್ರವನ್ನಾದರೂ ಕೈಗೆ ಕೊಡುತ್ತಿದ್ದೆ. ರೈಟರನ್ನು ನಾನು ಯಾವತ್ತೂ ಕೇಳಿರಲಿಲ್ಲ, ಅವರಾದರೂ ಯಾಕೆ ಹೇಳುತ್ತಾರೆ?

ಹಳೆಯ ವಿದ್ಯಾರ್ಥಿಗಳ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ದೊಡ್ಡ ಪರದೆ ಕೊಡೋಣ ಎಂದು ಮಾತಾಡಿಕೊಳ್ಳುತ್ತಿದ್ದೀರಿ. ಕೊಡಿ, ಒಳ್ಳೆಯದೇ. ಅದರ ಜೊತೆಗೆ ಐದು ವರ್ಷ ಬ್ಯಾಟರಿ ಬದಲಾಯಿಸುವ ದುಡ್ಡನ್ನೂ ಬ್ಯಾಂಕಿನಲ್ಲಿ ಇಡಿ. ಫೋಟೋದಲ್ಲಿ ಅದು ಕಾಣುವುದಿಲ್ಲ, ಅಷ್ಟೇ. ಕಾರು ಇರುವವರು ಪ್ರಮಾಣಪತ್ರದ ದಿನ ಒಂದು ಮಗುವನ್ನು, ಒಬ್ಬ ತಾಯಿಯನ್ನು ಕರೆದುಕೊಂಡು ಹೋಗಿ ಬನ್ನಿ. ತೋಟದ ಮಾಲೀಕರು ಹಲವರು ಇಲ್ಲಿದ್ದೀರಿ. ಕುಯ್ಲು ಮುಗಿದು ಯಾವ ಮನೆಯವರು ಹೊರಡುತ್ತಾರೆ ಎಂದು ಹೆಡ್ ಮೇಷ್ಟ್ರಿಗೆ ಒಂದು ಫೋನ್ ಮಾಡುವಂತೆ ನಿಮ್ಮ ರೈಟರಿಗೆ ಹೇಳಿ. ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ. ಜೂನ್ ಮೊದಲ ವಾರ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು, ಪ್ರತಿ ಮಗುವನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿ ಓದಿಸಿ. ಒಂದು ಪಿರಿಯಡ್ ಸಾಕು.

ಧ್ವನಿಮುದ್ರಣಕ್ಕೆ ಪಾಠ ಓದಲು ಮನಸ್ಸಿರುವವರು ಇವತ್ತು ಹೋಗುವ ಮೊದಲು ಸ್ಟಾಫ್ ರೂಮಿನಲ್ಲಿ ಹೆಸರು ಬರೆಸಿ. ಎಂಟನೇ ತರಗತಿಯ ಸಮಾಜ ವಿಜ್ಞಾನದಿಂದ ಶುರುಮಾಡೋಣ. ಮೊದಲ ಪಾಠ ನನ್ನದು, ಕೆಮ್ಮು ಸೇರಿದರೆ ಮಕ್ಕಳು ಕ್ಷಮಿಸಬೇಕು.