ಕುಳಿತುಕೊಳ್ಳಲೊಂದು ಕಟ್ಟೆ



ಕಳೆದ ಬೇಸಗೆಯಲ್ಲಿ ಹೊಲದ ಪಹಣಿಯ ಸಲುವಾಗಿ ನಮ್ಮ ಸೀಮೆಯ ಸರಕಾರಿ ಕಚೇರಿಯೊಂದಕ್ಕೆ ಹೋಗಿದ್ದೆ. ಹೊಸ ಕಟ್ಟಡ, ಮುಂದೆ ಕಂಬ, ಮೇಲೆ ಗುಮ್ಮಟ. ಬೆಂಗಳೂರಿನ ವಿಧಾನಸೌಧವನ್ನು ತಾಲೂಕಿಗೊಂದರಂತೆ ಕುಗ್ಗಿಸಿ ಕಟ್ಟುವುದು ರೂಢಿಯಾಗಿದೆಯಷ್ಟೆ. ಮೆಟ್ಟಿಲುಗಳ ಕೆಳಗೆ, ಬಿಸಿಲಿನಲ್ಲಿ, ಚಿಂಚೋಳಿ ಕಡೆಯ ಮುದುಕಿಯೊಬ್ಬಳು ಕಾಗದದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. "ಒಳಗ ಬಾ ಅವ್ವ" ಎಂದೆ. "ಕರದಾಗ ಬರ್ತೀನ್ರಿ. ಒಳಗ ನಿಂದರಬ್ಯಾಡ ಅಂತಾರ್ರಿ" ಎಂದಳು. ಅಷ್ಟೊಂದು ಕಂಬಗಳಲ್ಲಿ ಒಂದೂ ಅವಳಿಗೆ ನೆರಳಾಗಿರಲಿಲ್ಲ.

ಚಿತ್ತಾಪುರದ ಮಗ್ಗುಲಿನ ನಾಗಾವಿಯ ಅರವತ್ತು ಕಂಬದ ಗುಡಿ ನನಗೆ ನೆನಪಾಯಿತು. ಒಂದನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನನು ನೆಲೆಗೊಳಿಸಿದ ಘಟಿಕಾಸ್ಥಾನದ ಊರು ಅದು. ಅಲ್ಲಿಯ 1058ರ ಶಾಸನವು ವೇದಾಧ್ಯಯನದ 200 ವಿದ್ಯಾರ್ಥಿಗಳನ್ನು ಹೇಳಿದಂತೆಯೇ 6 ಮಂದಿ ಸರಸ್ವತೀ ಭಂಡಾರಿಗರನ್ನೂ, ಎಂದರೆ ಗ್ರಂಥಪಾಲಕರನ್ನೂ, ಮರೆಯದೆ ಹೇಳುತ್ತದೆ. ಕಟ್ಟಿಸಿದವನು ಕಂಬಗಳೊಡನೆ ಮನುಷ್ಯರನ್ನೂ ಎಣಿಸಿದ್ದ. ಆದರೆ ಹಳೆಯದನ್ನು ಹಾಡಿಹೊಗಳುವ ನನ್ನಂಥ ಮೇಷ್ಟರು ಇನ್ನೊಂದನ್ನೂ ಹೇಳಬೇಕು: ಆ ಮುದುಕಿಯಂಥವರು ಆ ಎಣಿಕೆಯಲ್ಲಿ ಇರಲಿಲ್ಲ. ಅವರನ್ನು ಸೇರಿಸುವ ಕೆಲಸವನ್ನು 1950ರ ಸಂವಿಧಾನ ನಮಗೆ ಒಪ್ಪಿಸಿದೆ.

ಕಲ್ಲಿಗೆ ನಮ್ಮಲ್ಲಿ ಬರವೆ? ಶಹಾಬಾದ, ವಾಡಿ, ಸೇಡಂ, ಈ ನೆಲದ ಕೆಳಗೆಲ್ಲ ಸುಣ್ಣಕಲ್ಲಿನ ಪದರಗಳು. ಪದರಪದರವಾಗಿ ಏಳುವುದರಿಂದಲೇ ಅದನ್ನು ಹಲಗೆಯಂತೆ ಬಿಡಿಸಬಹುದು. ನಾವು ಪರಸಿ ಎನ್ನುವ ಆ ಹಾಸುಗಲ್ಲು ನಮ್ಮ ಹಳೆಯ ಮನೆಗಳಲ್ಲಿ ನೆಲವೂ ಹೌದು, ಬಾಗಿಲ ಇಕ್ಕೆಲದ ಕಟ್ಟೆಯೂ ಹೌದು. ದಾರಿಹೋಕನು ಮನೆಯೊಡೆಯನ ಅಪ್ಪಣೆ ಕೇಳದೆ ಕೂಡುತ್ತಿದ್ದುದು ಆ ಕಟ್ಟೆಯ ಮೇಲೆ. ಶಹಾಬಾದದ ಹೆಸರು ಹೊತ್ತು ಅದೇ ಕಲ್ಲು ದೂರದ ನಗರಗಳ ಹಜಾರಗಳಿಗೆ ಹೋಯಿತು. ಅದನ್ನು ಅಗೆದುಕೊಟ್ಟ ಸೀಮೆಯ ಕಚೇರಿಯಲ್ಲಿ ನಾನು ಕಂಡದ್ದು ಕಾಲು ಜಾರುವ ಹೊಳಪಿನ ಬಿಲ್ಲೆಗಳು.

ಕಟ್ಟುವ ಇಂಜಿನಿಯರರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸುತ್ತಲೂ ಅಗಲವಾದ ಪಡಸಾಲೆ, ಗೋಡೆಗುಂಟ ಪರಸಿಯ ಕಟ್ಟೆ, ಹತ್ತಲಾರದವರಿಗೆ ಒಂದು ಬದಿ ಇಳಿಜಾರು, ಕುಡಿಯುವ ನೀರು, ಅಂಗಳದಲ್ಲೊಂದು ಬೇವಿನ ಮರ. ವಾಚನಾಲಯದ ಬಾಗಿಲು ಪಡಸಾಲೆಗೇ ತೆರೆಯಲಿ. ಕಚೇರಿ ಮುಚ್ಚಿದ ಮೇಲೂ ಅದಕ್ಕೆ ಬೀಗ ಬೇಡ; ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿ ಬಂದವನು ಪತ್ರಿಕೆ ತಿರುವಲಿ, ಮನೆಯಲ್ಲಿ ಜಾಗವಿಲ್ಲದ ಹುಡುಗಿ ಪರೀಕ್ಷೆಗೆ ಓದಿಕೊಳ್ಳಲಿ. ಕಾವಲುಗಾರನೊಬ್ಬನ ಸಂಬಳ ಹೆಚ್ಚಾದೀತು. ಗುಮ್ಮಟದ ಖರ್ಚಿನಲ್ಲಿ ಅದನ್ನು ಕಳೆಯಬಹುದು.

ಅಂದು ಮಧ್ಯಾಹ್ನ ಮುದುಕಿಯ ಹೆಸರನ್ನು ಎರಡು ಸಲ ಕರೆದರು. ಒಳಗಿನ ಕೂಗು ಮೆಟ್ಟಿಲಿನ ಕೆಳಗೆ ಕೇಳಿಸಲಿಲ್ಲ. ಮೂರನೆಯ ಸಲ ಕರೆಯುವ ಮುನ್ನ ನಾನೇ ಹೊರಗೆ ಬಂದು ಅವಳನ್ನು ಎಬ್ಬಿಸಿದೆ.