ಟೆರೇಸ್ ಗಿಡಗಳಿಗೆ ಯಾವ ಡ್ರಿಪ್ಪರ್? ಕೊಳ್ಳೋ ಮೊದಲು ಟ್ಯಾಂಕ್ ನೋಡಿ

ಇವತ್ತು ಮಾತಾಡೋದು ಕೆಲವೇ ರೂಪಾಯಿಯ ಒಂದು ಸಣ್ಣ ವಸ್ತುವಿನ ಬಗ್ಗೆ, ಡ್ರಿಪ್ಪರ್. ಇದನ್ನ ಸರಿಯಾಗಿ ಆರಿಸದಿದ್ರೆ, ನೀವು ನಾಲ್ಕು ದಿನ ಊರಿಗೆ ಹೋಗಿ ಬರೋಷ್ಟರಲ್ಲಿ ಟೊಮೆಟೊ ಗಿಡ ಬಾಡಿರುತ್ತೆ.

2024ರ ಮಾರ್ಚ್ ನೆನಪಿದೆಯಾ? ಕುಡಿಯೋ ನೀರನ್ನ ಗಿಡಗಳಿಗೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿತ್ತು. ಅಂಥ ಬೇಸಿಗೆಯಲ್ಲಿ ಹಿಡಿದಿಟ್ಟ ಮಳೆನೀರೋ, ಬೋರ್‌ವೆಲ್ ನೀರೋ, ಒಂದೊಂದು ಲೀಟರ್‌ಗೂ ಲೆಕ್ಕ ಇರುತ್ತೆ.

ಮೊದಲ ಪ್ರಶ್ನೆ, ಒತ್ತಡ. ಅಂಗಡಿಯಲ್ಲಿ 2, 4, 8 ಎಲ್‌ಪಿಎಚ್ ಅಂತಾರೆ. ಅಂದ್ರೆ ಗಂಟೆಗೆ ಅಷ್ಟು ಲೀಟರ್. ಸಾದಾ ಡ್ರಿಪ್ಪರ್‌ಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ 1 ಬಾರ್ ಒತ್ತಡಕ್ಕೆ, ಅಂದ್ರೆ ಸುಮಾರು 10 ಮೀಟರ್ ಎತ್ತರದಿಂದ ಇಳಿಯೋ ನೀರಿಗೆ. ನಿಮ್ಮ ಟ್ಯಾಂಕ್ ಕುಂಡಗಳಿಗಿಂತ ಎರಡೂವರೆ ಮೀಟರ್ ಮೇಲಿದ್ರೆ ಸಿಗೋದು ಕಾಲು ಬಾರ್. ಆಗ 4 ಲೀಟರ್ ಡ್ರಿಪ್ಪರ್ ಕೊಡೋದು ಹೆಚ್ಚುಕಮ್ಮಿ 2 ಲೀಟರ್ ಅಷ್ಟೇ.

ಇದಕ್ಕೆ 'ಪಿಸಿ' ಡ್ರಿಪ್ಪರ್ ಹಾಕಿ ಅಂತ ಹೇಳೋರು ಇದ್ದಾರೆ. ಅದರೊಳಗೆ ಒಂದು ರಬ್ಬರ್ ಪೊರೆ ಇರುತ್ತೆ. ಒತ್ತಡ ಏರಿದ್ರೆ ಅದು ನೀರಿನ ದಾರಿಯನ್ನ ಕಿರಿದು ಮಾಡುತ್ತೆ. ಹಾಗಾಗಿ ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ಒಂದೇ ಅಳತೆ. ಆದರೆ ಇದು ಕೆಲಸ ಮಾಡೋಕೆ ಕನಿಷ್ಠ ಒತ್ತಡ ಬೇಕು, ಬಹಳಷ್ಟಕ್ಕೆ ಅರ್ಧ ಬಾರ್ ಆಸುಪಾಸು. ಪಂಪ್ ಇದ್ರೆ, ತೋಟ ಇಳಿಜಾರಾಗಿದ್ರೆ ಪಿಸಿ ತಗೊಳ್ಳಿ. ಟ್ಯಾಂಕ್ ಪಕ್ಕದ ಕುಂಡಗಳಿಗೆ ಸಾದಾ ಡ್ರಿಪ್ಪರ್ ಅಥವಾ ತಿರುಗಿಸಿ ಹೊಂದಿಸೋ ಡ್ರಿಪ್ಪರ್ ಸಾಕು.

ಎರಡನೇದು, ಮಣ್ಣು. ಕೋಕೋಪೀಟ್ ತುಂಬಿದ ಕುಂಡಕ್ಕೆ 8 ಲೀಟರ್ ಡ್ರಿಪ್ಪರ್ ಹಾಕಿದ್ರೆ ನೀರು ತಳದ ತೂತಿನಿಂದ ಹರಿದುಹೋಗುತ್ತೆ. 2 ಲೀಟರ್‌ದು ಹಾಕಿ, ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಹೊತ್ತು ಬಿಡಿ. ನೆಲದಲ್ಲಿ ಮರಳು ಮಣ್ಣಾದ್ರೆ ನೀರು ನೇರ ಕೆಳಗಿಳಿಯುತ್ತೆ, ಡ್ರಿಪ್ಪರ್‌ಗಳು ಹತ್ತಿರ ಹತ್ತಿರ ಇರಲಿ. ಜೇಡಿಮಣ್ಣಲ್ಲಿ ನೀರು ಅಗಲಕ್ಕೆ ಹರಡುತ್ತೆ, ದೂರ ಇದ್ರೂ ನಡೆಯುತ್ತೆ.

ಮೂರನೇದು, ನೀರು. ನಿಮ್ಮ ಬೋರ್‌ವೆಲ್ ನೀರು ಬಕೆಟ್ ಮೇಲೆ ಬಿಳಿ ಕಲೆ ಬಿಡುತ್ತಾ? ಅದೇ ಬಿಳಿ ಪದರ ಡ್ರಿಪ್ಪರ್ ಬಾಯನ್ನೂ ಕಟ್ಟುತ್ತೆ. ಬಿಚ್ಚಿ ತೊಳೆಯೋಕೆ ಬರೋದನ್ನೇ ಕೊಳ್ಳಿ. ಕಟ್ಟಿಕೊಂಡಾಗ ವಿನೆಗರ್‌ನಲ್ಲಿ ನೆನೆಸಿ. ಪೈಪ್ ಶುರುವಾಗೋ ಕಡೆ 120 ಮೆಶ್ ಫಿಲ್ಟರ್ ಒಂದು ಇರಲೇಬೇಕು.

ಎಲ್ಲ ಜೋಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೊದಲ ಡ್ರಿಪ್ಪರ್ ಕೆಳಗೊಂದು, ಕೊನೆಯದರ ಕೆಳಗೊಂದು ಲೋಟ ಇಡಿ. ಫೋನಲ್ಲಿ 6 ನಿಮಿಷ ಟೈಮರ್ ಹಾಕಿ. 200 ಎಂಎಲ್ ಬಿದ್ರೆ ಗಂಟೆಗೆ 2 ಲೀಟರ್. ಎರಡು ಲೋಟದಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ ಇದ್ರೆ ನಿಶ್ಚಿಂತೆಯಿಂದ ಊರಿಗೆ ಹೋಗಿ ಬನ್ನಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.