ಭಾಗವತರ ಕಂಠ

ಕೇಳುಗರೆ, ಈ ಕದ್ರಿಗುಡ್ಡದ ಬಾನುಲಿ ನಿಲಯಕ್ಕೆ ಬರುವಾಗಲೆಲ್ಲ ನನಗೆ ಬಲಿಪ ನಾರಾಯಣ ಭಾಗವತರ ನೆನಪಾಗುತ್ತದೆ. ಮೊನ್ನೆ ಜರ್ಮನಿಯ ಹ್ಯಾನ್ಸ್ ಹಾಟರ್ ಅವರ ಧ್ವನಿಮುದ್ರಿಕೆ ಕೇಳುವಾಗಲೂ ಹಾಗೆಯೇ ಆಯಿತು. ಹೋಲಿಕೆ ವಿಚಿತ್ರವೆನಿಸೀತು. 1909ರಲ್ಲಿ ಹುಟ್ಟಿದ ಹಾಟರ್ ಅವರದು ತಗ್ಗುಸ್ಥಾಯಿಯ ಗಂಭೀರ ಬಾಸ್-ಬ್ಯಾರಿಟೋನ್ ಕಂಠ, ಬಲಿಪರದು ಏರುಶ್ರುತಿ. ಆದರೆ ಇಬ್ಬರೂ ಧ್ವನಿವರ್ಧಕವನ್ನು ನೆಚ್ಚದ ಪರಂಪರೆಯವರು. ವಾಗ್ನರನ ಭಾರಿ ವಾದ್ಯವೃಂದವನ್ನು ಅವರು, ಚೆಂಡೆಮದ್ದಳೆಗಳನ್ನು ಇವರು ದಾಟಿ ಸಾಹಿತ್ಯವನ್ನು ಕೊನೆಯ ಸಾಲಿಗೆ ಮುಟ್ಟಿಸಬೇಕಿತ್ತು.

1938ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಜನಿಸಿದ ಬಲಿಪರಿಗೆ ಅದೇ ಹೆಸರಿನ ಅಜ್ಜನೇ ಗುರು. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಐದು ದಿನಗಳ ‘ದೇವೀಮಹಾತ್ಮೆ’ ಪ್ರಸಂಗವನ್ನೂ ರಚಿಸಿದರು.

ವಿದ್ಯಾರ್ಥಿದೆಸೆಯಲ್ಲಿ, ಕದ್ರಿಯ ಬಯಲಾಟವೊಂದರಲ್ಲಿ, ಬೆಳಗಿನ ಜಾವ ನಾನು ತೂಕಡಿಸುತ್ತಿದ್ದೆ (ಅದಕ್ಕೆ ಇಂದಿಗೂ ನಾಚಿಕೆಯಿದೆ). ಬಲಿಪರ ಒಂದೇ ಪದ್ಯ ನನ್ನನ್ನು ಎಬ್ಬಿಸಿ ಕೂರಿಸಿತು. ಹಾಟರ್ ತಾವೇ ವೋಟಾನ್ ದೇವನಾಗಿ ಬೆಳಕಿನಲ್ಲಿ ನಿಂತವರು. ಬಲಿಪರಾದರೋ ಜಾಗಟೆ ಹಿಡಿದು ಹಿಂದೆ ಕುಳಿತು, ಬೇರೆಯವರನ್ನು ದೇವತೆಗಳನ್ನಾಗಿಸಿದವರು. ಅಂದು ನನ್ನ ಕಣ್ಣು ತುಂಬಿದ್ದು ದೇವಿಯ ವೇಷ. ಭಾಗವತರ ಮುಖವನ್ನು ನಾನು ಗಮನಿಸಲೇ ಇಲ್ಲ. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಬಹಳ ಹೊತ್ತು ನೋಡಿದೆ.